ಬೆಳಕಿನ ಚುಕ್ಕಿಯ ಅಭಿನಯ: ‘ಪೀಟರ್ ಪ್ಯಾನ್’ ಮತ್ತು ಮಕ್ಕಳ ರಂಗಭೂಮಿಯಲ್ಲಿ ಭಾವ

ಮಕ್ಕಳ ನಾಟಕದ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಕಥೆ, ನೀತಿ, ಹಾಡು, ವೇಷಭೂಷಣಗಳ ಸುತ್ತಲೇ ನಡೆಯುತ್ತದೆ. ಭಾವದ ಮಾತು ಬಂದರೆ ಅದು ನಟರಿಗೆ ಸೇರಿದ್ದು, ತಾಲೀಮಿನಲ್ಲಿ ಸರಿಹೋಗುತ್ತದೆ ಎಂದು ಬಿಟ್ಟುಬಿಡುತ್ತೇವೆ. ದುಃಖದ ಪಾತ್ರ ಬಿಕ್ಕಬೇಕು, ಹೆದರಿದ ಪಾತ್ರ ನಡುಗಬೇಕು, ಅದೆಲ್ಲ ಕೊನೆಯ ಸಾಲಿನ ಮಗುವಿಗೂ ಎದ್ದು ಕಾಣಬೇಕು ಎಂಬುದು ರೂಢಿಯ ತಿಳಿವಳಿಕೆ. ಮಕ್ಕಳು ಚಿಕ್ಕವರು, ಆದ್ದರಿಂದ ಅವರಿಗೆ ತೋರಿಸುವ ಭಾವ ದೊಡ್ಡದಾಗಿರಬೇಕು ಎಂಬ ಈ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಅದ್ಭುತಕಥೆಯೊಂದು ರಂಗಕ್ಕೆ ಬಂದಾಗ ಭಾವವನ್ನು ಹೊರುವ ಮೊದಲ ಹೊಣೆ ಕಥೆಯೊಳಗಿನ ವಸ್ತುಗಳದ್ದು. ನಟನ ಮುಖದ ಸರದಿ ಆಮೇಲಿನದು. ಆ ವಸ್ತುಗಳನ್ನು ನಟ ಶ್ರದ್ಧೆಯಿಂದ ನಂಬಿ ನಡೆದುಕೊಂಡರೆ ಭಾವದ ಹೊರಚಿಹ್ನೆಗಳು ರಂಗದಿಂದ ಇಳಿದು ನೋಡುವ ಮಗುವಿನ ಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಈ ಮಾತನ್ನು ಒಂದೇ ಒಂದು ನಾಟಕವನ್ನು ಹಿಡಿದುಕೊಂಡು ಇಲ್ಲಿ ಪರೀಕ್ಷಿಸುತ್ತೇನೆ. ಅದು ಜೆ. ಎಂ. ಬ್ಯಾರಿಯ ‘ಪೀಟರ್ ಪ್ಯಾನ್’.

ನಮ್ಮಲ್ಲಿ ಹೆಚ್ಚಿನವರಿಗೆ ಪೀಟರ್ ಪ್ಯಾನ್ ಪರಿಚಯವಾದದ್ದು ಡಿಸ್ನಿಯ ಚಿತ್ರದಿಂದ, ಇಲ್ಲವೇ ಮಕ್ಕಳಿಗಾಗಿ ಸಂಗ್ರಹಿಸಿದ ಪುಸ್ತಕಗಳಿಂದ. ಆದರೆ ಆ ಕಥೆ ನಾವು ಬಲ್ಲ ರೂಪ ತಳೆದದ್ದು ನಾಟಕವಾಗಿ. 1902ರಲ್ಲಿ ಬ್ಯಾರಿ ದೊಡ್ಡವರಿಗಾಗಿ ಬರೆದ ‘ದಿ ಲಿಟಲ್ ವೈಟ್ ಬರ್ಡ್’ ಎಂಬ ಕಾದಂಬರಿಯ ಕೆಲವು ಅಧ್ಯಾಯಗಳಲ್ಲಿ ಪೀಟರ್ ಏಳು ದಿನದ ಕೂಸಾಗಿ ಬಂದುಹೋಗಿದ್ದ. ಬೆಳೆಯಲು ಒಲ್ಲದ ಹುಡುಗ, ವೆಂಡಿ, ಕಡಲ್ಗಳ್ಳ ಕ್ಯಾಪ್ಟನ್ ಹುಕ್, ನೆವರ್‌ಲ್ಯಾಂಡ್ ಎಂಬ ಮಾಯಾದ್ವೀಪ ಎಲ್ಲವೂ ಒಟ್ಟಿಗೆ ಜನರ ಮುಂದೆ ಬಂದದ್ದು 1904ರ ಡಿಸೆಂಬರ್ 27ರ ರಾತ್ರಿ, ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ಥಿಯೇಟರಿನಲ್ಲಿ. ನಿರ್ಮಾಪಕ ಅಮೆರಿಕದ ಚಾರ್ಲ್ಸ್ ಫ್ರೋಮನ್. ನಿರ್ದೇಶಕ ಡಿಯಾನ್ ಬೂಸಿಕೋ. ಅವನ ತಂಗಿ ನೀನಾ ಬೂಸಿಕೋ ಪೀಟರ್ ಆಗಿದ್ದಳು, ಹಿಲ್ಡಾ ಟ್ರೆವೆಲ್ಯನ್ ವೆಂಡಿಯಾಗಿದ್ದಳು. ಕಾದಂಬರಿಯ ರೂಪ ಬಂದದ್ದು ಏಳು ವರ್ಷ ಕಳೆದು, 1911ರಲ್ಲಿ. ನಾಟಕದ ಪಠ್ಯವನ್ನು ಬ್ಯಾರಿ ಅಚ್ಚಿಗೆ ಕೊಟ್ಟದ್ದಂತೂ 1928ರಲ್ಲಿ. ಈ ನಡುವಿನ ಇಪ್ಪತ್ತನಾಲ್ಕು ವರ್ಷ ನನ್ನ ವಾದಕ್ಕೆ ಬಹಳ ಮುಖ್ಯ. ಅಷ್ಟೂ ಕಾಲ ಕ್ರಿಸ್‌ಮಸ್ ಬಂತೆಂದರೆ ನಾಟಕ ಮತ್ತೆ ರಂಗಕ್ಕೆ ಬರುತ್ತಿತ್ತು, ಬ್ಯಾರಿ ತಿದ್ದುತ್ತಲೇ ಇದ್ದ. ಮತ್ಸ್ಯಕನ್ಯೆಯರ ಸರೋವರದ ಅಂಕ ಮೊದಲ ವರ್ಷ ಇರಲೇ ಇಲ್ಲ, ಮರುವರ್ಷ ಸೇರಿತು. ಹೀಗಾಗಿ ನಮ್ಮ ಕೈಗೆ ಸಿಕ್ಕಿರುವುದು ಪ್ರೇಕ್ಷಕರ ಮುಂದೆ ಕಾಲು ಶತಮಾನ ಪಳಗಿದ ಪಠ್ಯ.

ಈ ಪಠ್ಯದಲ್ಲಿ ಭಾವಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಮೊದಲ ಅಂಕದ ಒಂದು ಚಿಕ್ಕ ಭಾಗವನ್ನು ಹತ್ತಿರದಿಂದ ನೋಡೋಣ. ಪೀಟರನ ನೆರಳು ಕಿಟಕಿಯಲ್ಲಿ ಸಿಕ್ಕಿ ಕಿತ್ತುಬಂದಿದೆ. ವೆಂಡಿಯ ತಾಯಿ ಅದನ್ನು ಮಡಿಸಿ ಡ್ರಾಯರಿನಲ್ಲಿ ಇಟ್ಟಿದ್ದಾಳೆ. ರಾತ್ರಿ ಪೀಟರ್ ಬಂದು ಅದನ್ನು ಹುಡುಕಿ ತೆಗೆದು, ಸೋಪು ಹಚ್ಚಿ ಕಾಲಿಗೆ ಅಂಟಿಸಿಕೊಳ್ಳಲು ನೋಡುತ್ತಾನೆ. ಅದು ಅಂಟುವುದಿಲ್ಲ. ಕೂತು ಅಳುತ್ತಾನೆ. ವೆಂಡಿ ಎದ್ದು ಕಾರಣ ಕೇಳಿದಾಗ ಅವನು ಅಳುವನ್ನೇ ಒಪ್ಪಿಕೊಳ್ಳುವುದಿಲ್ಲ. ತನಗೆ ತಾಯಿಯಿಲ್ಲ ಎಂಬುದಕ್ಕೆ ಆಕೆ ಮರುಗಿದರೆ, ಅದಕ್ಕಲ್ಲ, ನೆರಳು ಅಂಟುತ್ತಿಲ್ಲವಲ್ಲ ಅದಕ್ಕೆ ಎನ್ನುತ್ತಾನೆ. ಅವಳು ಸೂಜಿದಾರ ತಂದು ನೆರಳನ್ನು ಅವನ ಪಾದಕ್ಕೆ ಹೊಲಿಯುತ್ತಾಳೆ. ಅನಂತರ ಅವನಿಗೊಂದು ಮುತ್ತು ಕೊಡುತ್ತೇನೆ ಎನ್ನುತ್ತಾಳೆ. ಅದೆಂದರೇನೆಂದು ಅವನಿಗೆ ಗೊತ್ತಿಲ್ಲ, ಕೈ ಚಾಚುತ್ತಾನೆ. ಅವನ ಮನಸ್ಸು ನೋಯಬಾರದೆಂದು ಅವಳು ಬೆರಳಿಗೆ ಹಾಕಿಕೊಳ್ಳುವ ಹೊಲಿಗೆಯ ಟೋಪಿಯನ್ನು ಅವನ ಕೈಯಲ್ಲಿಡುತ್ತಾಳೆ. ಅವನು ತನ್ನ ಅಂಗಿಯಿಂದ ಓಕ್ ಮರದ ಕಾಯಿಯ ಗುಂಡಿಯೊಂದನ್ನು ಕಿತ್ತು ಅವಳಿಗೆ ಕೊಡುತ್ತಾನೆ. ಅವಳು ಅದನ್ನು ಸರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಾಳೆ. ಮುಂದಿನ ಅಂಕದಲ್ಲಿ ಪೀಟರನ ಜೊತೆಗಾರರಾದ ‘ಕಳೆದುಹೋದ ಹುಡುಗರ’ಲ್ಲೊಬ್ಬ ಅವಳನ್ನು ಹಕ್ಕಿಯೆಂದು ತಿಳಿದು ಬಾಣ ಬಿಟ್ಟಾಗ ಆ ಗುಂಡಿಯೇ ಬಾಣವನ್ನು ತಡೆದು ಅವಳ ಪ್ರಾಣ ಉಳಿಸುತ್ತದೆ.

ಒಂಟಿತನ, ಮರುಕ, ಒಲವು, ರಕ್ಷಣೆ ಎಲ್ಲವೂ ಇಷ್ಟರಲ್ಲಿ ಬಂದುಹೋದವು. ಒಂದಕ್ಕೂ ಇಲ್ಲಿ ದೊಡ್ಡ ಮಾತಿಲ್ಲ, ತನ್ನ ಮನಸ್ಸನ್ನು ಬಿಚ್ಚಿಡುವ ಸ್ವಗತವಿಲ್ಲ. ಒಂಟಿತನ ಒಂದು ನೆರಳಾಗಿದೆ, ಮರುಕ ಸೂಜಿದಾರವಾಗಿದೆ, ಒಲವು ಕೈಯಿಂದ ಕೈಗೆ ದಾಟುವ ಗುಂಡಿಯಾಗಿದೆ. ಹುಕ್‌ನ ಭಯವೂ ಹಾಗೆಯೇ. ಅವನ ಕೈಯನ್ನು ತಿಂದ ಮೊಸಳೆ ಒಂದು ಗಡಿಯಾರವನ್ನೂ ನುಂಗಿದೆ. ಅದು ಹತ್ತಿರ ಬಂದಾಗ ಟಿಕ್ ಟಿಕ್ ಸದ್ದು ಕೇಳುತ್ತದೆ. ಆ ಸದ್ದು ಬಂದೊಡನೆ ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ. ನಟ ಎದೆ ಬಡಿದುಕೊಳ್ಳಬೇಕಿಲ್ಲ, ಕಣ್ಣು ಅರಳಿಸಬೇಕಿಲ್ಲ, ನಿಂತು ಕಿವಿಗೊಟ್ಟರೆ ಸಾಕು. ಮೊದಲ ಪ್ರಯೋಗದಲ್ಲಿ ಜೆರಾಲ್ಡ್ ಡು ಮೋರಿಯೇ ಮಕ್ಕಳ ತಂದೆ ಡಾರ್ಲಿಂಗ್ ಪಾತ್ರವನ್ನೂ ಹುಕ್ ಪಾತ್ರವನ್ನೂ ತಾನೊಬ್ಬನೇ ಮಾಡಿದ. ಆ ಪದ್ಧತಿ ಮುಂದೆಯೂ ಉಳಿಯಿತು. ತಂದೆಯ ಮೇಲಿನ ಪ್ರೀತಿ, ತಂದೆಯ ಬಗೆಗಿನ ಅಂಜಿಕೆ ಎರಡೂ ಒಂದೇ ದೇಹದಲ್ಲಿವೆ ಎಂಬುದನ್ನು ನಾಟಕ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಜೆರಾಲ್ಡನ ಮಗಳು, ಕಾದಂಬರಿಕಾರ್ತಿ ಡಾಫ್ನೆ ಡು ಮೋರಿಯೇ, ತಂದೆಯ ಜೀವನಚರಿತ್ರೆಯಲ್ಲಿ ಬರೆದಿರುವಂತೆ ಹುಕ್‌ನನ್ನು ಕಂಡು ಕಿರುಚಿಕೊಂಡ ಮಕ್ಕಳನ್ನು ಎತ್ತಿಕೊಂಡು ಹೊರಗೆ ಹೋಗಬೇಕಾಗುತ್ತಿತ್ತು.

ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆಯನ್ನು ಇಲ್ಲಿ ತರುವುದು ಹೊರಗಿನ ನಾಟಕಕ್ಕೆ ನಮ್ಮ ಅಂಗಿ ತೊಡಿಸುವ ಹಟದಿಂದಲ್ಲ. ಈ ಸಂಗತಿಯನ್ನು ಇಷ್ಟು ಖಚಿತವಾಗಿ ಹೇಳಬಲ್ಲ ಪರಿಭಾಷೆ ಬೇರೆ ಸಿಕ್ಕುವುದಿಲ್ಲ ಎಂಬುದಕ್ಕಾಗಿ. ರಸ ಹುಟ್ಟುವುದು ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಕೂಡಿಕೆಯಿಂದ ಎಂದು ಭರತ ಹೇಳಿದ. ವಿಭಾವವೆಂದರೆ ಭಾವಕ್ಕೆ ಕಾರಣವಾಗುವ ವ್ಯಕ್ತಿ, ವಸ್ತು, ಸನ್ನಿವೇಶ. ಅನುಭಾವವೆಂದರೆ ಭಾವ ಹುಟ್ಟಿದ ಮೇಲೆ ಹೊರಗೆ ತೋರುವ ಕಣ್ಣೀರು, ನಡುಕ, ದನಿ ಬದಲಾಗುವುದು ಇತ್ಯಾದಿ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಇದು ಪಾಠದ ಮೊದಲ ಹಂತ. ಮಕ್ಕಳ ನಾಟಕ ಆಡಿಸುವಾಗ ನಾವು ಮಾಡುವುದು ಅನುಭಾವವನ್ನು ಹಿಗ್ಗಿಸುವ ಕೆಲಸ. ಬ್ಯಾರಿ ಮಾಡಿದ್ದು ವಿಭಾವವನ್ನು ಗಟ್ಟಿಮಾಡುವ ಕೆಲಸ. ಅದ್ಭುತಕಥೆಗೆ ಇರುವ ವಿಶೇಷ ಅನುಕೂಲವೂ ಅದೇ. ವಾಸ್ತವವಾದಿ ನಾಟಕದಲ್ಲಿ ಒಂಟಿತನವನ್ನು ಕಾಲಿಗೆ ಹೊಲಿಯಲು ಬರುವುದಿಲ್ಲ. ಅಲ್ಲಿ ನಟನ ದನಿ ಮತ್ತು ಮುಖವೇ ಹೆಚ್ಚು ಭಾರ ಹೊರಬೇಕು. ನೆರಳು ಕಿತ್ತುಬರುವ ಲೋಕದಲ್ಲಿ ಆ ಭಾರವನ್ನು ವಸ್ತು ಹೊರುತ್ತದೆ. ಹೀಗಿದ್ದೂ ಅದರ ಮೇಲೆ ಮುಖದ ಅಭಿನಯವನ್ನು ಪೇರಿಸಿದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ, ಮತ್ತು ಎರಡನೆಯ ಸಲ ಹೇಳಿದ್ದು ಮೊದಲನೆಯದನ್ನು ದುರ್ಬಲಗೊಳಿಸುತ್ತದೆ.

ಬ್ಯಾರಿಗೆ ಇದರ ಅರಿವು ಸ್ಪಷ್ಟವಾಗಿಯೇ ಇತ್ತು. ಇಂಥ ನಾಟಕವನ್ನು ಹೇಗೆ ಅಭಿನಯಿಸಬೇಕೆಂದು ನಟರಿಗಾಗಿ ಅವನು ಬರೆದ ಚಿಕ್ಕ ಟಿಪ್ಪಣಿಯೊಂದಿದೆ. ಈ ನಾಟಕವನ್ನು ಒಂದು ಮಗು ಪೂರ್ಣ ಗಂಭೀರವಾಗಿ ಬರೆದಿದೆ, ಅದೇ ಗಾಂಭೀರ್ಯದಿಂದ ಮಕ್ಕಳು ಆಡುತ್ತಿದ್ದಾರೆ ಎಂದು ನಟರು ತಿಳಿಯಬೇಕು ಎಂಬುದು ಅದರ ಸಾರ. ದೊಡ್ಡವರ ಪಾತ್ರಗಳಿಗೂ ಇದು ಅನ್ವಯಿಸುತ್ತದೆ ಎಂದು ಅವನು ಸೇರಿಸುತ್ತಾನೆ. ಆಟದಲ್ಲಿ ಮುಳುಗಿದ ಮಗುವನ್ನು ಗಮನಿಸಿದವರಿಗೆ ಈ ಸೂಚನೆಯ ಬೆಲೆ ತಿಳಿಯುತ್ತದೆ. ಅಡುಗೆಯಾಟ ಆಡುವ ಮಗು ಅಡುಗೆ ಮಾಡುವವಳ ಮುಖಭಾವವನ್ನು ನಟಿಸುವುದಿಲ್ಲ. ಕಲ್ಲನ್ನು ಒಲೆಯೆಂದು ನಂಬಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. 1928ರ ಅಚ್ಚಿನ ಪಠ್ಯದಲ್ಲಿ ಇನ್ನೊಂದು ಕಟ್ಟಳೆಯಿದೆ: ನಾಟಕದುದ್ದಕ್ಕೂ ಯಾರೂ ಪೀಟರನನ್ನು ಮುಟ್ಟುವುದಿಲ್ಲ. ಅಪ್ಪಿಕೊಳ್ಳುವುದು, ತಲೆ ನೇವರಿಸುವುದು, ಕೈಹಿಡಿಯುವುದು ರಂಗದ ಮೇಲೆ ಮಮತೆಯನ್ನು ತೋರಿಸಲು ಅತಿ ಸುಲಭದ ದಾರಿ. ಇಡೀ ನಾಟಕದ ಕೇಂದ್ರದಲ್ಲಿರುವ ಪಾತ್ರಕ್ಕೆ ಆ ದಾರಿಯನ್ನೇ ನಾಟಕಕಾರ ಮುಚ್ಚಿಬಿಟ್ಟಿದ್ದಾನೆ. ಯಾರೂ ಮುಟ್ಟದ ಹುಡುಗನ ಮೇಲೆ ಪ್ರೇಕ್ಷಕನಿಗೆ ಹುಟ್ಟುವ ಮಮತೆಗೆ ರಂಗದ ಮೇಲೆ ತೃಪ್ತಿ ಸಿಗುವುದಿಲ್ಲ, ಆದ್ದರಿಂದಲೇ ಅದು ಪ್ರೇಕ್ಷಕನಲ್ಲಿಯೇ ಉಳಿಯುತ್ತದೆ. ನಟ ತಾನು ಭಾವಿಸದೆಯೇ ಪ್ರೇಕ್ಷಕನನ್ನು ಕಲಕಬಲ್ಲ ಎಂದು ಫ್ರಾನ್ಸಿನ ದಿದೆರೊ ಹದಿನೆಂಟನೆಯ ಶತಮಾನದಲ್ಲೇ ವಾದಿಸಿದ್ದ. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಅದು ನಟನ ಒಳಗೆ ಏನಿರಬೇಕು ಎಂಬ ಚರ್ಚೆ. ನಟನ ಸುತ್ತ ಏನಿರಬೇಕು ಎಂದು ಕೇಳಿದ್ದು ಬ್ಯಾರಿಯ ವಿಶೇಷ.

ಈಗ ನಾಲ್ಕನೆಯ ಅಂಕಕ್ಕೆ ಬರೋಣ. ಟಿಂಕರ್ ಬೆಲ್ ಎಂಬ ಕಿನ್ನರಿ ಈ ನಾಟಕದ ಅತ್ಯಂತ ಕೋಪಿಷ್ಠ, ಅಸೂಯೆಯ, ಪ್ರೀತಿಯ ಪಾತ್ರ. ಅವಳಿಗೆ ಮುಖವಿಲ್ಲ, ದೇಹವಿಲ್ಲ, ನಮಗೆ ಅರ್ಥವಾಗುವ ಮಾತಿಲ್ಲ. ನೇಪಥ್ಯದಿಂದ ಕನ್ನಡಿ ಹಿಡಿದು ಆಡಿಸುವ ಬೆಳಕಿನ ಚುಕ್ಕಿ ಮತ್ತು ಗಂಟೆಗಳ ಕಿಣಿಕಿಣಿ, ಅಷ್ಟೇ ಅವಳು. ಮೊದಲ ಪ್ರಯೋಗದ ಕಾರ್ಯಕ್ರಮ ಪಟ್ಟಿಯಲ್ಲಿ ಆ ಪಾತ್ರದ ಮುಂದೆ ಜೇನ್ ರೆನ್ ಎಂಬ ನಟಿಯ ಹೆಸರನ್ನು ಅಚ್ಚು ಹಾಕಿದ್ದರು. ಅಂಥ ನಟಿ ಇರಲೇ ಇಲ್ಲ. ಪೀಟರನಿಗೆಂದು ಹುಕ್ ವಿಷ ಬೆರೆಸಿಟ್ಟ ಔಷಧಿಯನ್ನು ಅವನು ಕುಡಿಯುವ ಮೊದಲೇ ಟಿಂಕರ್ ಬೆಲ್ ತಾನು ಕುಡಿದುಬಿಡುತ್ತಾಳೆ. ಬೆಳಕು ಮಂಕಾಗುತ್ತ ಬರುತ್ತದೆ. ಮಕ್ಕಳು ಕಿನ್ನರಿಯರನ್ನು ನಂಬಿದರೆ ತಾನು ಬದುಕಬಹುದು ಎಂದು ಅವಳು ಹೇಳಿದ್ದನ್ನು ಪೀಟರ್ ನಮಗೆ ತಿಳಿಸುತ್ತಾನೆ. ಅಲ್ಲಿಯವರೆಗೆ ರಂಗದೊಳಗೇ ಇದ್ದ ನಾಟಕ ಆಗ ಹೊರಕ್ಕೆ ತಿರುಗುತ್ತದೆ. ಪೀಟರ್ ಮುಂದೆ ಬಂದು, ನಂಬುವವರು ಚಪ್ಪಾಳೆ ತಟ್ಟಿರಿ ಎಂದು ಸಭಾಂಗಣವನ್ನು ಬೇಡಿಕೊಳ್ಳುತ್ತಾನೆ. ಮೊದಲ ರಾತ್ರಿ ಸಭಾಂಗಣದಲ್ಲಿ ಕೂತಿದ್ದವರು ಬಹುಪಾಲು ದೊಡ್ಡವರು. ಅವರು ಸುಮ್ಮನೆ ಕೂತುಬಿಟ್ಟರೆ ಗತಿಯೇನೆಂದು ಬ್ಯಾರಿ ಹೆದರಿದ್ದ. ಹಾಗಾದಲ್ಲಿ ವಾದ್ಯಗಳನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಬೇಕೆಂದು ವಾದ್ಯವೃಂದದವರಿಗೆ ಮೊದಲೇ ಹೇಳಿಡಲಾಗಿತ್ತು. ಅದರ ಅಗತ್ಯ ಬೀಳಲಿಲ್ಲ. ಇಡೀ ಸಭೆ ಚಪ್ಪಾಳೆ ತಟ್ಟಿತು, ಮತ್ತು ಅದನ್ನು ಕೇಳಿ ನೀನಾ ಬೂಸಿಕೋ ಅತ್ತುಬಿಟ್ಟಳು.

ನಟಿಯ ಈ ಕಣ್ಣೀರನ್ನು ನನ್ನ ವಾದದ ವಿರುದ್ಧ ಹೂಡಬಹುದು. ಕೊನೆಗೂ ಅಳು ಬಂದದ್ದು ನಟಿಗೇ ಅಲ್ಲವೆ, ಅವಳ ಭಾವವೇ ಸಭೆಯನ್ನು ಮುಟ್ಟಿತಲ್ಲವೆ ಎಂದು ಕೇಳಬಹುದು. ಆದರೆ ಕ್ರಮವನ್ನು ನೋಡಬೇಕು. ಅವಳು ಅತ್ತದ್ದು ಚಪ್ಪಾಳೆಯ ನಂತರ. ಸಭೆಯನ್ನು ಕಲಕಿದ್ದು ಮಂಕಾಗುತ್ತಿದ್ದ ಒಂದು ಚುಕ್ಕಿ ಬೆಳಕು ಮತ್ತು ಒಂದು ನೇರ ಬೇಡಿಕೆ. ಕಣ್ಣೀರು ಸಭೆಯಿಂದ ರಂಗಕ್ಕೆ ಬಂದ ಉತ್ತರ. ವಿಭಾವ ರಂಗದ ಮೇಲಿತ್ತು, ಅನುಭಾವ ಮೊದಲು ಕಾಣಿಸಿಕೊಂಡದ್ದು ಪ್ರೇಕ್ಷಕರ ಕೈಗಳಲ್ಲಿ. ಈ ದಾಟುವಿಕೆಯೇ ‘ಪೀಟರ್ ಪ್ಯಾನ್’ ರಂಗಭೂಮಿಗೆ ಕೊಟ್ಟ ಬಹು ದೊಡ್ಡ ಕೊಡುಗೆ ಎಂದು ನಾನು ತಿಳಿಯುತ್ತೇನೆ. ಮುಂದಿನ ಘಳಿಗೆಯೂ ಗಮನಿಸತಕ್ಕದ್ದು. ಬೆಳಕು ಮತ್ತೆ ಪ್ರಖರವಾಗುತ್ತದೆ, ಪೀಟರ್ ಸಭೆಗೆ ಧನ್ಯವಾದ ಹೇಳುತ್ತಾನೆ, ಹೇಳಿದವನೇ ಹುಕ್ ಸೆರೆಹಿಡಿದಿರುವ ವೆಂಡಿಯನ್ನು ಬಿಡಿಸಿ ತರಲು ಹೊರಡುತ್ತಾನೆ. ಮರುಹುಟ್ಟು ಪಡೆದ ಗೆಳತಿಯ ಎದುರು ನಿಂತು ಸಂತೋಷವನ್ನು ಅಭಿನಯಿಸುವ ಅವಕಾಶ ನಟನಿಗೆ ಕೊಟ್ಟಿಲ್ಲ. ಸಂತೋಷ ಸಭೆಯಲ್ಲಿ ಆಗಲೇ ಇದೆ.

ಇದೇ ಪ್ರಸಂಗ ಬೇರೆ ಮಾಧ್ಯಮಗಳಿಗೆ ಹೋದಾಗ ಏನಾಯಿತು ಎಂಬುದು ಒಳ್ಳೆಯ ಪುರಾವೆ. 1911ರ ಕಾದಂಬರಿಯಲ್ಲಿ ಪೀಟರ್ ಬೇಡಿಕೊಳ್ಳುವುದು ಆ ಹೊತ್ತಿನಲ್ಲಿ ನೆವರ್‌ಲ್ಯಾಂಡಿನ ಕನಸು ಕಾಣುತ್ತಿರಬಹುದಾದ ಮಕ್ಕಳನ್ನು. ಓದುಗ ಚಪ್ಪಾಳೆಯ ಬಗ್ಗೆ ಓದುತ್ತಾನೆ, ತಾನು ತಟ್ಟುವುದಿಲ್ಲ. ಬರವಣಿಗೆ ಸೊಗಸಾಗಿದೆ, ಆದರೆ ಹೊಣೆ ಓದುಗನ ಮೇಲೆ ಬೀಳುವುದಿಲ್ಲ. 1953ರ ಡಿಸ್ನಿ ಚಿತ್ರ ಇನ್ನೂ ದೂರ ಹೋಯಿತು. ಅಲ್ಲಿ ಟಿಂಕರ್ ಬೆಲ್‌ಗೆ ಮುಖ ಬಂತು, ಮೈಮಾಟ ಬಂತು. ಮುನಿಸು, ನಾಚಿಕೆ, ಸಿಟ್ಟು ಎಲ್ಲವನ್ನೂ ತೋರಿಸಬಲ್ಲ ಹುಬ್ಬು ತುಟಿಗಳು ಬಂದವು. ವಿಷದ ಬದಲು ಬಾಂಬು ಬಂತು. ಚಪ್ಪಾಳೆಯ ಪ್ರಸಂಗ ಹೋಯಿತು. ಅದರ ಜಾಗದಲ್ಲಿ ಪೀಟರ್ ತನಗೆ ಅವಳು ಎಷ್ಟು ಮುಖ್ಯವೆಂದು ಬಾಯಿಬಿಟ್ಟು ಹೇಳುತ್ತಾನೆ. ಚಲನಚಿತ್ರದ ಪರದೆಯ ಮೇಲಿಂದ ಎದುರಿಗಿರುವವರನ್ನು ಬೇಡುವುದು ಕಷ್ಟ ಎಂಬ ಸಮಾಧಾನ ಹೇಳಬಹುದು. ಆದರೆ ಮೇರಿ ಮಾರ್ಟಿನ್ ಪೀಟರ್ ಆಗಿದ್ದ ಸಂಗೀತ ನಾಟಕವನ್ನು ಅಮೆರಿಕದ ಎನ್‌ಬಿಸಿ ವಾಹಿನಿ 1955ರ ಮಾರ್ಚ್ 7ರಂದು ನೇರಪ್ರಸಾರ ಮಾಡಿದಾಗ ಅವಳು ಕ್ಯಾಮರಾದತ್ತ ತಿರುಗಿ ಮನೆಮನೆಯ ಮಕ್ಕಳನ್ನು ಚಪ್ಪಾಳೆ ತಟ್ಟಲು ಕೇಳಿಕೊಂಡಳು. ಅಂದು ಆರೂವರೆ ಕೋಟಿ ಜನ ನೋಡಿದರೆಂಬ ಅಂದಾಜಿದೆ. ಪರದೆ ಅಡ್ಡಿಯಾಗಿರಲಿಲ್ಲ. ಮುಖ ಕೊಟ್ಟ ಮೇಲೆ ಚಪ್ಪಾಳೆ ಬೇಕಾಗಲಿಲ್ಲ ಎಂಬುದೇ ನಿಜವಾದ ಕಾರಣ ಎಂದು ನನಗನ್ನಿಸುತ್ತದೆ. ಭಾವವನ್ನು ತೋರಿಸಿ ಮುಗಿಸಿದ ಕಡೆ ನೋಡುವವನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಇದರ ಮೇಲೆ ಬರುವ ಮೊದಲ ಆಕ್ಷೇಪ ನೈತಿಕವಾದದ್ದು, ಅದನ್ನು ಹಗುರವಾಗಿ ಕಾಣುವಂತಿಲ್ಲ. ನೀನು ಚಪ್ಪಾಳೆ ತಟ್ಟದಿದ್ದರೆ ಕಿನ್ನರಿ ಸಾಯುತ್ತಾಳೆ ಎಂದು ಐದು ವರ್ಷದ ಮಗುವಿಗೆ ಹೇಳುವುದು ಬಲವಂತವಲ್ಲವೆ? ನಂಬದ ಮಗುವಿನ ತಲೆಗೆ ಕೊಲೆಯ ಪಾಪವನ್ನು ಕಟ್ಟಿದಂತಾಗಲಿಲ್ಲವೆ? ಅಚ್ಚಿನ ಪಠ್ಯದಲ್ಲೇ ಇದಕ್ಕೆ ಉತ್ತರವಿದೆ. ಹಲವರು ತಟ್ಟುತ್ತಾರೆ, ಕೆಲವರು ತಟ್ಟುವುದಿಲ್ಲ, ಒಂದಿಬ್ಬರು ಬುಸುಗುಟ್ಟುತ್ತಾರೆ ಎಂಬುದನ್ನು ಬ್ಯಾರಿ ರಂಗಸೂಚನೆಯಲ್ಲಿ ಬರೆದುಕೊಂಡಿದ್ದಾನೆ. ಆದರೂ ಟಿಂಕರ್ ಬೆಲ್ ಬದುಕುತ್ತಾಳೆ. ಒಂದು ಮಗುವಿನ ಮೌನದಿಂದ ಅವಳು ಸಾಯುವುದಿಲ್ಲ. ಒಪ್ಪದ ಮಗುವಿಗೂ ನಾಟಕದಲ್ಲಿ ಜಾಗವಿದೆ. ಬಲವಂತ ಹುಟ್ಟುವುದು ನಿರ್ದೇಶಕನ ದುರಾಸೆಯಿಂದ. ಇನ್ನೂ ಜೋರಾಗಿ, ಕೇಳಿಸುತ್ತಿಲ್ಲ ಎಂದು ಮೂರು ಮೂರು ಸಲ ಕೂಗಿಸಿ ಮಕ್ಕಳನ್ನು ಸುಸ್ತು ಮಾಡುವ ಪ್ರಯೋಗಗಳಿಗೆ ಈ ಆಕ್ಷೇಪ ಸಲ್ಲುತ್ತದೆ, ಅವಕ್ಕೆ ನಾನೂ ವಿರೋಧಿಯೇ. ಅಲ್ಲಿ ಮಗು ಕಿನ್ನರಿಗಾಗಿ ತಟ್ಟುತ್ತಿಲ್ಲ, ಅಪ್ಪಣೆಗಾಗಿ ತಟ್ಟುತ್ತಿದೆ.

ಎರಡನೆಯ ಆಕ್ಷೇಪ ವಿದ್ವತ್ತಿನ ವಲಯದ್ದು. ಜಾಕ್ವೆಲಿನ್ ರೋಸ್ 1984ರಲ್ಲಿ ಪ್ರಕಟಿಸಿದ ‘ದಿ ಕೇಸ್ ಆಫ್ ಪೀಟರ್ ಪ್ಯಾನ್’ ಪುಸ್ತಕದಲ್ಲಿ ಮಕ್ಕಳ ಸಾಹಿತ್ಯವೆಂಬುದು ದೊಡ್ಡವರು ಮಗುವಿನ ಬಗ್ಗೆ ಕಟ್ಟಿಕೊಂಡ ಆಸೆಯೇ ಹೊರತು ಮಗುವಿಗೆ ಸೇರಿದ್ದಲ್ಲ ಎಂದು ವಾದಿಸಿದರು. ಮೊದಲ ರಾತ್ರಿಯ ಚಪ್ಪಾಳೆ ಅವರ ವಾದಕ್ಕೆ ಒಳ್ಳೆಯ ಸಾಕ್ಷಿಯಂತೆ ಕಾಣುತ್ತದೆ: ಬಾಲ್ಯ ಕಳೆದುಕೊಂಡವರು ಬಾಲ್ಯಕ್ಕಾಗಿ ತಟ್ಟಿದ ಚಪ್ಪಾಳೆ. ರೋಸ್ ಅವರ ಪುಸ್ತಕ ಗಟ್ಟಿಯಾದದ್ದು, ಮೊದಲ ರಾತ್ರಿಯ ಮಟ್ಟಿಗೆ ನಾನು ಅದನ್ನು ಒಪ್ಪುತ್ತೇನೆ. ಆದರೆ ನಾಟಕ ಮೊದಲ ರಾತ್ರಿಗೆ ನಿಲ್ಲಲಿಲ್ಲ. 1928ರ ಅರ್ಪಣೆಯಲ್ಲಿ ಬ್ಯಾರಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ನಾಟಕ ನೋಡಿ ಮನೆಗೆ ಹೋದ ಎಷ್ಟೋ ಮಕ್ಕಳು ಮಂಚದಿಂದ ಹಾರಲು ಹೋಗಿ ಗಾಯ ಮಾಡಿಕೊಂಡರು. ತಂದೆತಾಯಿಯರು ಕೇಳಿಕೊಂಡ ಮೇಲೆ, ಕಿನ್ನರಿಯ ಧೂಳು ಮೈಮೇಲೆ ಬೀಳದೆ ಯಾರೂ ಹಾರಲಾರರು ಎಂಬ ಮಾತನ್ನು ಅವನು ನಾಟಕಕ್ಕೆ ಸೇರಿಸಬೇಕಾಯಿತು. ಜಾರ್ಜ್ ಕರ್ಬಿಯ ಕಂಪನಿ ತಂತಿ ಮತ್ತು ಪಟ್ಟಿಗಳಿಂದ ಏರ್ಪಡಿಸಿದ್ದ ಹಾರಾಟವನ್ನು ಮಕ್ಕಳು ತಮ್ಮ ಮೈಮೇಲೆ ತೆಗೆದುಕೊಂಡಿದ್ದರು. ಮಂಚದಿಂದ ಹಾರಿದ ಮಗುವಿನದು ದೊಡ್ಡವರ ಹಳಹಳಿಕೆಯಲ್ಲ. ಅದು ಆ ಮಗುವಿನದೇ ಭಾವ, ಅಪಾಯದ ಅಂಚಿನವರೆಗೆ ಹೋದ ಭಾವ.

ಮೂರನೆಯ ಆಕ್ಷೇಪ ನಮ್ಮದೇ ಪರಂಪರೆಯಿಂದ ಬರುವಂಥದ್ದು. ಎಲ್ಲಕ್ಕಿಂತ ಕಷ್ಟದ್ದು ಅದೇ. ರಸಾನುಭವಕ್ಕೆ ಒಂದು ಅಂತರ ಬೇಕು. ನಾಟಕದ ಸುಖದುಃಖವನ್ನು ನನ್ನದೇ ಎಂದು ಅಪ್ಪಿಕೊಳ್ಳುವುದು ರಸಕ್ಕೆ ವಿಘ್ನ ಎಂದು ಅಭಿನವಗುಪ್ತ ಹೇಳಿದ್ದಾನೆ. ಎದ್ದು ಚಪ್ಪಾಳೆ ತಟ್ಟಿ ಪಾತ್ರವನ್ನು ಉಳಿಸಹೊರಟ ಮಗು ಸಹೃದಯನ ಸ್ಥಾನದಿಂದ ಕೆಳಗೆ ಬಿದ್ದಂತಲ್ಲವೆ? ಇದಕ್ಕೆ ಎರಡು ಕಡೆಯಿಂದ ಉತ್ತರಿಸಬೇಕು. ಅಭಿನವಗುಪ್ತ ಪಟ್ಟಿಮಾಡುವ ಏಳು ವಿಘ್ನಗಳಲ್ಲಿ ಮೊದಲನೆಯದು, ನಡೆಯುತ್ತಿರುವುದು ಸಂಭವವೆಂದು ಪ್ರೇಕ್ಷಕನಿಗೆ ತೋರದಿರುವುದು. ಕಿನ್ನರಿಯ ಕಥೆಗೆ ಇದು ನಿತ್ಯದ ಗಂಡಾಂತರ. ಉಳಿದ ನಾಟಕಗಳು ಈ ವಿಘ್ನವನ್ನು ಮರೆಮಾಚಿ ದಾಟಲು ನೋಡಿದರೆ ಬ್ಯಾರಿ ಅದನ್ನೇ ಕಥೆಯ ಬಿಕ್ಕಟ್ಟಾಗಿ ಮಾಡಿ, ಪರಿಹಾರವನ್ನು ಸಭೆಯ ಕೈಗೆ ಕೊಟ್ಟ. ಇನ್ನು ತಾದಾತ್ಮ್ಯದ ಮಾತು. ಚಪ್ಪಾಳೆ ತಟ್ಟುವ ಮಗು ಒಂಟಿಯಾಗಿ ತಟ್ಟುವುದಿಲ್ಲ, ಸಾವಿರ ಮಕ್ಕಳ ಜೊತೆಗೆ ತಟ್ಟುತ್ತದೆ. ನನ್ನ ದುಃಖ, ಅವನ ದುಃಖ ಎಂಬ ಗಡಿ ಅಳಿದು ಭಾವ ಎಲ್ಲರದಾಗುವುದನ್ನೇ ಭಟ್ಟನಾಯಕ ಸಾಧಾರಣೀಕರಣ ಎಂದ. ಸಭಾಂಗಣದ ಚಪ್ಪಾಳೆಯಲ್ಲಿ ಆ ಪ್ರಕ್ರಿಯೆ ಕಿವಿಗೇ ಕೇಳುತ್ತದೆ.

ಭರತನೂ ಈ ವಿಚಾರದಲ್ಲಿ ನಾವು ಎಣಿಸುವಷ್ಟು ಬಿಗಿಯಾಗಿಲ್ಲ. ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯ ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ನಾಟಕ ಗೆದ್ದಿದೆ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಅವನು ಪ್ರೇಕ್ಷಕರ ಮಾತು ಮತ್ತು ಮೈಯನ್ನು ಸಾಕ್ಷಿಗೆ ಕರೆಯುತ್ತಾನೆ. ಮುಗುಳ್ನಗೆ, ನಗು, ಭಲೆ ಎಂಬ ಉದ್ಗಾರ, ಅಯ್ಯೋ ಎಂಬ ಉದ್ಗಾರ. ರೋಮಾಂಚನ, ಆಸನದಿಂದ ಎದ್ದುನಿಲ್ಲುವುದು, ಮೈಮೇಲಿನ ಬಟ್ಟೆಯನ್ನೋ ಬೆರಳಿನ ಉಂಗುರವನ್ನೋ ನಟರತ್ತ ಎಸೆಯುವುದು, ಇವೆಲ್ಲ ಮಾನುಷ ಸಿದ್ಧಿಯ ಗುರುತುಗಳು. ಇದಕ್ಕಿಂತ ಮೇಲಿನದು ದೈವಿಕ ಸಿದ್ಧಿ. ಅಲ್ಲಿ ರಂಗಮಂದಿರ ತುಂಬಿದ್ದೂ ಸದ್ದಿರುವುದಿಲ್ಲ. ಹಾಗಾದರೆ ಚಪ್ಪಾಳೆ ಕೆಳಗಿನ ದರ್ಜೆಯದೆ? ಇರಲಿ. ಆದರೆ ಬ್ಯಾರಿಯ ದೃಶ್ಯದ ರಚನೆಯಲ್ಲಿ ಎರಡಕ್ಕೂ ಎಡೆಯಿದೆ ಎಂಬುದನ್ನು ಮರೆಯಬಾರದು. ಬೆಳಕು ಕ್ಷೀಣಿಸುವಷ್ಟು ಹೊತ್ತೂ ಸಭೆ ಉಸಿರು ಬಿಗಿಹಿಡಿದು ನೋಡಬೇಕು, ಅನಂತರವೇ ಬೇಡಿಕೆ. ಆ ಮೌನವಿಲ್ಲದೆ ಈ ಚಪ್ಪಾಳೆಗೆ ಅರ್ಥವಿಲ್ಲ. ಅದೇ ಅಧ್ಯಾಯದಲ್ಲಿ ಭರತ ಮಕ್ಕಳನ್ನು ಮೂಢರ ಸಾಲಿನಲ್ಲಿ ಕೂರಿಸಿ, ಅವರು ಒಲಿಯುವುದು ಹಾಸ್ಯಕ್ಕೆ ಮತ್ತು ವೇಷಭೂಷಣಕ್ಕೆ ಎನ್ನುತ್ತಾನೆ. ಇಷ್ಟು ದೊಡ್ಡ ಶಾಸ್ತ್ರಕಾರನ ಜೊತೆ ಈ ಒಂದು ಮಾತಿನಲ್ಲಿ ನಾನು ಭಿನ್ನ. ಒಂದು ಚುಕ್ಕಿ ಬೆಳಕು ಆರುವುದನ್ನು ಸಹಿಸದೆ ಕೈಯೆತ್ತಿದ ಮಕ್ಕಳು ಕರುಣವನ್ನು ಬಲ್ಲವರು.

ಯಕ್ಷಗಾನವನ್ನು ನೋಡಿ ಬೆಳೆದ ನಾಡಿನಲ್ಲಿ ಮುಖದ ಅಭಿನಯವನ್ನು ಕಡೆಗಣಿಸುವುದೇ ಎಂದು ಕೇಳುವವರಿದ್ದಾರೆ. ಕಡೆಗಣಿಸುತ್ತಿಲ್ಲ. ವರ್ಷಗಟ್ಟಲೆ ಸಾಧನೆ ಮಾಡಿದ ಕಲಾವಿದನ ಮುಖ, ಬಣ್ಣ, ಹಾಡು, ತಾಳಗಳ ಜೊತೆ ಸೇರಿ ಬೇರೊಂದು ವ್ಯಾಕರಣದಲ್ಲಿ ಮಾತಾಡುತ್ತದೆ. ನಾನು ವಿರೋಧಿಸುತ್ತಿರುವುದು ಸಾಧನೆಯಿಲ್ಲದ ಎಳೆಯ ಮುಖಗಳ ಮೇಲೆ ದೊಡ್ಡವರ ಅಳುವನ್ನು ಹೇರುವುದನ್ನು. ‘ಪೀಟರ್ ಪ್ಯಾನ್’ ಕೂಡ ನಟನ ಮೈಯನ್ನು ಪೂರ್ತಿ ಕಟ್ಟಿಹಾಕಿಲ್ಲ. ಸರೋವರದ ಅಂಕದ ಕೊನೆಗೆ ಬಂಡೆಯ ಮೇಲೆ ಪೀಟರ್ ಒಬ್ಬನೇ ಉಳಿದು ನೀರು ಏರುತ್ತಿರುವಾಗ ಅವನ ಮೈಯಲ್ಲಿ ಒಂದು ನಡುಕ ಹಾಯುತ್ತದೆ, ಒಂದೇ ಒಂದು. ಅಷ್ಟು ಹೊತ್ತು ತಡೆಹಿಡಿದಿದ್ದರಿಂದ ಆ ಒಂದು ನಡುಕಕ್ಕೆ ಬೆಲೆ ಬರುತ್ತದೆ.

ನಮ್ಮಲ್ಲಿ ಮಕ್ಕಳ ರಂಗಭೂಮಿಗೆ ಬಡತನವೇನಿಲ್ಲ. ಪ್ರೇಮಾ ಕಾರಂತರು ಕಟ್ಟಿದ ಬೆನಕ ಮಕ್ಕಳ ಕೇಂದ್ರದ ಕೆಲಸವಿದೆ, ಮೈಸೂರಿನ ರಂಗಾಯಣದ ಚಿಣ್ಣರ ಮೇಳವಿದೆ, ಬೇಸಿಗೆ ಬಂದರೆ ಊರೂರಿನಲ್ಲಿ ಶಿಬಿರಗಳು ನಡೆಯುತ್ತವೆ. ಬ್ರೌನಿಂಗನ ಕವಿತೆಯನ್ನು ಕುವೆಂಪು ತುಂಗಾತೀರಕ್ಕೆ ತಂದು ಕಟ್ಟಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಂಥ ಅದ್ಭುತಕಥೆ ನಮ್ಮ ಶಾಲೆಗಳ ರಂಗದ ಮೇಲೆ ತಲೆಮಾರುಗಳಿಂದ ಕುಣಿಯುತ್ತಿದೆ. ಅದರಲ್ಲೂ ಭಾವವನ್ನು ಹೊರುವುದು ಒಂದು ವಸ್ತು, ಒಂದು ಸದ್ದು: ಕಿಂದರಿಯ ನಾದ. ಇಲಿಗಳು ಹೋದದ್ದೂ ಅದರ ಹಿಂದೆ, ಮಕ್ಕಳು ಹೋದದ್ದೂ ಅದರ ಹಿಂದೆ. ಎಲ್ಲರೂ ಹೋದ ಮೇಲೆ ಹಿಂದುಳಿದ ಕುಂಟ ಹುಡುಗನ ಪಾತ್ರಧಾರಿಗೆ ಎದೆ ಬಡಿದುಕೊಂಡು ಅಳು ಎಂದು ಹೇಳಿಕೊಡುವ ಬದಲು, ಆ ನಾದ ಎಲ್ಲಿ ನಿಲ್ಲಬೇಕು, ನಿಂತ ಮೇಲೆ ಅವನು ಯಾವ ದಿಕ್ಕಿಗೆ ಕಿವಿಗೊಡಬೇಕು ಎಂಬುದನ್ನು ನಿರ್ಧರಿಸಿದರೆ ಸಾಕು. ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟರುಗಳಲ್ಲಿ, ಶಿಬಿರಗಳ ನಿರ್ದೇಶಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ತಾಲೀಮಿನಲ್ಲಿ ಯಾವ ಮಗುವಿಗೂ ಅಳು, ನಗು, ಹೆದರು ಎಂದು ಹೇಳಬೇಡಿ. ಅದರ ಕೈಗೆ ಏನು ಕೊಡುತ್ತೀರಿ, ಅದು ಏನನ್ನು ಕೇಳಿಸಿಕೊಳ್ಳಬೇಕು, ಏನನ್ನು ನಂಬಬೇಕು ಎಂಬುದನ್ನು ಮೊದಲು ಯೋಚಿಸಿ, ಉಳಿದದ್ದನ್ನು ಎದುರಿಗೆ ಕೂತ ಮಕ್ಕಳಿಗೆ ಬಿಡಿ.